ಫಿಲ್ಟರ್ ತರುವ ಮುಂಚೆ: ಬೋರ್ ನೀರು ಕುಡಿಯುವ ಮನೆಗಳಿಗೆ ಒಂದು ಮಾರ್ಗದರ್ಶಿ

"ನಮ್ ಬೋರ್ ನೀರು ತುಂಬಾ ಚೆನ್ನಾಗಿದೆ, ಬೇಳೆ ಬೇಗ ಬೇಯುತ್ತೆ." ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಈ ಮಾತು ಕೇಳದವರು ಕಡಿಮೆ. ನೀರು ಒಳ್ಳೆಯದೋ ಕೆಟ್ಟದ್ದೋ ಅಂತ ನಾವು ನಾಲಗೆಯಿಂದ, ಸೋಪಿನ ನೊರೆಯಿಂದ, ಬೇಳೆಯಿಂದ ತೀರ್ಮಾನ ಮಾಡುತ್ತೇವೆ. ಆದರೆ ಈ ಕಡೆಯ ನೀರಿನ ದೊಡ್ಡ ಕಾಟ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ಗೊತ್ತಾಗುವುದೂ ಇಲ್ಲ. ಇನ್ನೂ ಒಂದು ವಿಚಿತ್ರ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲೇ ಎಷ್ಟೋ ಸಲ ಫ್ಲೋರೈಡ್ ಜಾಸ್ತಿ ಕರಗಿರುತ್ತದೆ. ಅಂದರೆ ಬೇಳೆಯನ್ನು ಚೆನ್ನಾಗಿ ಬೇಯಿಸುವ ನೀರೇ ಮಕ್ಕಳ ಹಲ್ಲು ಕೆಡಿಸುವ ನೀರೂ ಆಗಿರಬಹುದು.

ಮನೆಯ ನೀರನ್ನು ಹೇಗೆ ಪರೀಕ್ಷೆ ಮಾಡಿಸುವುದು, ರಿಪೋರ್ಟ್ ಹೇಗೆ ಓದುವುದು, ಆಮೇಲೆ ಏನು ಮಾಡುವುದು ಅಂತ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಬಹಳ ಮನೆಗಳಲ್ಲಿ ಇದು ತಿರುಗಾಮುರುಗ ಆಗುತ್ತದೆ. ಮೊದಲು ಹದಿನೈದು ಸಾವಿರ ಕೊಟ್ಟು ಫಿಲ್ಟರ್ ತರುತ್ತಾರೆ, ನೀರಿನಲ್ಲಿ ಏನಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಹೆಜ್ಜೆ 1: ನೀರು ಬರುವ ದಾರಿ ನೋಡಿ

ಒಂದು ಭಾನುವಾರ ಬೆಳಿಗ್ಗೆ ಇದಕ್ಕೇ ಇಡಿ. ನಿಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಸ್ವಂತ ಬೋರಾ, ಪಂಚಾಯ್ತಿ ಬೋರಾ, ನದಿ ನೀರಾ, ಟ್ಯಾಂಕರಾ? ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದಾ? ನೀರುಗಂಟಿಯನ್ನು ಕೇಳಿ, ಎಲ್ಲಾ ಹೇಳುತ್ತಾನೆ. ಯಾವ ಬೋರು ಬತ್ತಿದೆ, ಯಾವುದರ ನೀರನ್ನು ಯಾವುದಕ್ಕೆ ಮಿಕ್ಸ್ ಮಾಡಿ ಬಿಡುತ್ತಿದ್ದಾರೆ, ಓವರ್‌ಹೆಡ್ ಟ್ಯಾಂಕ್ ಕೊನೆಯ ಸಲ ತೊಳೆದಿದ್ದು ಯಾವಾಗ, ಇದೆಲ್ಲ ಅವನಿಗೆ ಗೊತ್ತಿರುವಷ್ಟು ಆಫೀಸಿನ ಫೈಲಿಗೂ ಗೊತ್ತಿರುವುದಿಲ್ಲ.

ಆಮೇಲೆ ಪೈಪು ನೋಡಿ. ಬೀದಿಯ ಪೈಪು ಚರಂಡಿಯೊಳಗೆ ಅಥವಾ ಚರಂಡಿ ದಾಟಿ ಬಂದಿದೆಯಾ? ನಮ್ಮ ಊರುಗಳಲ್ಲಿ ಇದು ಸರ್ವೇಸಾಮಾನ್ಯ. ನೀರು ಬರುತ್ತಿರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ತೂತಿದ್ದರೂ ನೀರು ಹೊರಗೆ ಚಿಮ್ಮುತ್ತದೆ ಅಷ್ಟೆ. ನೀರು ನಿಲ್ಲಿಸಿದ ಮೇಲೆ ಕಥೆ ಉಲ್ಟಾ. ಪೈಪು ಖಾಲಿಯಾಗುವಾಗ ಒಳಗೆ ಎಳೆತ ಹುಟ್ಟುತ್ತದೆ, ಅದೇ ತೂತಿನಿಂದ ಚರಂಡಿ ನೀರು ಒಳಗೆ ಹೋಗುತ್ತದೆ. ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ವಾಂತಿಭೇದಿ ಜಾಸ್ತಿ ಆಗುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಇದರ ಮೇಲೆ ಯಾರೋ ಒಬ್ಬರು ಬೀದಿ ಪೈಪಿಗೇ ನೇರ ಮೋಟರ್ ಕೂರಿಸಿ ಎಳೆದರೆ ಮುಗಿಯಿತು, ಚರಂಡಿಯನ್ನೂ ಸೇರಿಸಿಯೇ ಎಳೆಯುತ್ತಾರೆ. ಅವರ ಮನೆಗೂ ಅದೇ ನೀರು, ಪಕ್ಕದ ಮನೆಗೂ ಅದೇ.

ಸ್ವಂತ ಬೋರ್ ಇದ್ದರೆ ಸುತ್ತ ನೋಡಿ. ಶೌಚಾಲಯದ ಗುಂಡಿ ಎಷ್ಟು ದೂರ? ಬಾವಿಗೂ ಗುಂಡಿಗೂ ಕನಿಷ್ಠ 50 ಅಡಿ ಇರಲಿ ಅನ್ನುವುದು ಹಳೆಯ ಲೆಕ್ಕ. 30-40 ಸೈಟಿನಲ್ಲಿ ಅದು ಎಲ್ಲಿಂದ ಬರಬೇಕು, ಅಲ್ವಾ? ಪಕ್ಕದ ಮನೆಯವರ ಗುಂಡಿ ನಿಮ್ಮ ಬೋರಿನ ಪಕ್ಕದಲ್ಲೇ ಇರುತ್ತದೆ. ಹಳ್ಳಿಯಾದರೆ ತಿಪ್ಪೆ, ದನದ ಕೊಟ್ಟಿಗೆ, ಯೂರಿಯಾ ಹಾಕುವ ಹೊಲ. ಕೇಸಿಂಗ್ ಪೈಪು ನೆಲಮಟ್ಟದಲ್ಲೇ ಇದ್ದು ಮುಚ್ಚಳ ಇಲ್ಲದಿದ್ದರೆ ಮಳೆ ನೀರು ಸೀದಾ ಒಳಗೆ. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಲ್ಯಾಬಿನಲ್ಲಿ ಏನೇನು ಟೆಸ್ಟ್ ಮಾಡಿಸಬೇಕು ಅನ್ನುವುದು ಈ ಚೀಟಿಯಿಂದಲೇ ಗೊತ್ತಾಗುತ್ತದೆ.

ಹೆಜ್ಜೆ 2: ಕಾಟ ಎರಡು ಥರ ಅಂತ ತಿಳಿದಿರಲಿ

ಒಂದು, ಕ್ರಿಮಿ. ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ, ವೈರಸ್. ಇದು ಬೇಗ ಹೊಡೆಯುತ್ತದೆ. ಕಾಲರಾ ಕೆಲವೇ ಗಂಟೆಗಳಲ್ಲಿ ಮನುಷ್ಯನನ್ನು ಒಣಗಿಸಿಬಿಡಬಲ್ಲದು. ಟೈಫಾಯ್ಡ್, ಕಾಮಾಲೆ ಒಂದೆರಡು ವಾರ, ಕೆಲವೊಮ್ಮೆ ತಿಂಗಳು ಬಿಟ್ಟು ಕಾಣಿಸಿಕೊಳ್ಳುತ್ತವೆ. ಹಾಗಾಗಿ ಯಾವ ನೀರಿನಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ಕಾಮಾಲೆಯಲ್ಲಿ ಹೆಪಟೈಟಿಸ್ ಇ ಅಂತ ಒಂದಿದೆ, ಗರ್ಭಿಣಿಯರಿಗೆ ಅದು ಪ್ರಾಣಕ್ಕೇ ಅಪಾಯ. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ಜನ ಸತ್ತಿದ್ದು ನೆನಪಿರಬಹುದು. ಅಂಥದ್ದು ಪೇಪರಿನಲ್ಲಿ ಬರುತ್ತದೆ, ಮಂತ್ರಿಗಳು ಬರುತ್ತಾರೆ, ಪೈಪು ಬದಲಾಗುತ್ತದೆ.

ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಅದು ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಯುರೇನಿಯಂ. ನಿಧಾನ.

ಫ್ಲೋರೈಡ್ ಕಾರ್ಖಾನೆಯಿಂದ ಬಂದದ್ದಲ್ಲ. ನಮ್ಮ ಕೆಳಗಿರುವ ಗ್ರಾನೈಟ್ ಮತ್ತು ನೈಸ್ (gneiss) ಅನ್ನುವ ಗಟ್ಟಿ ಕಲ್ಲಿನಿಂದಲೇ ಕರಗಿ ಬರುವುದು. ಹಾಗಂತ ನಮ್ಮ ಪಾಲು ಇಲ್ಲ ಅಂತ ಅಲ್ಲ. ತೆರೆದ ಬಾವಿ, ಕೆರೆ ಬಿಟ್ಟು 1,200, 1,500 ಅಡಿ ಕೊರೆದು ಕಲ್ಲಿನ ಸಂದಿಯಲ್ಲಿ ಎಷ್ಟೋ ಕಾಲದಿಂದ ನಿಂತಿದ್ದ ನೀರನ್ನು ಎತ್ತುತ್ತಿರುವವರು ನಾವೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಆ ಕಡೆ ಗದಗದ ಮುಂಡರಗಿ, ಬಳ್ಳಾರಿ, ರಾಯಚೂರು, ಇಲ್ಲೆಲ್ಲ ಇದು ಹಳೆಯ ಗೋಳು. ಮೊದಲು ಕಾಣುವುದು ಮಕ್ಕಳ ಹಲ್ಲಿನಲ್ಲಿ. ಸೀಮೆಸುಣ್ಣದ ಥರ ಬಿಳಿ ಗೆರೆ, ಮಚ್ಚೆ. ಜಾಸ್ತಿ ಆದಂತೆ ಹಳದಿ, ಆಮೇಲೆ ಕಂದು. ಇದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ಬೆಳೆಯುತ್ತಿರುವಾಗಲೇ ಆಗುವ ಹಾನಿ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಯಾವ ಪೇಸ್ಟಿನಿಂದಲೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದ ದೊಡ್ಡವರಿಗೆ ಮಂಡಿ, ಸೊಂಟ, ಕುತ್ತಿಗೆ ಬಿಗಿಯುತ್ತದೆ. ನೆಲದಲ್ಲಿ ಕೂರೋಕೆ ಆಗಲ್ಲ, ಕತ್ತು ತಿರುಗಿಸೋಕೆ ಆಗಲ್ಲ. ಊರಿನ ಅರ್ಧ ಜನಕ್ಕೆ ಐವತ್ತಕ್ಕೇ ಮಂಡಿ ನೋವು ಇದ್ದರೆ ಅದು ವಯಸ್ಸಿನ ಪ್ರಶ್ನೆ ಅಲ್ಲ, ನೀರು ಟೆಸ್ಟ್ ಮಾಡಿಸಿ.

ನೈಟ್ರೇಟ್ ಬರುವುದು ಗುಂಡಿ, ತಿಪ್ಪೆ, ಯೂರಿಯಾದಿಂದ. ದೊಡ್ಡವರಿಗಿಂತ ಆರು ತಿಂಗಳೊಳಗಿನ ಕೂಸಿಗೆ ಇದು ಅಪಾಯ. ಪುಡಿ ಹಾಲನ್ನು ಇಂಥ ನೀರಿನಲ್ಲಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಆರ್ಸೆನಿಕ್ ಎಲ್ಲ ಕಡೆ ಇಲ್ಲ, ರಾಯಚೂರು ಮತ್ತು ಯಾದಗಿರಿಯ ಚಿನ್ನದ ಗಣಿ ಪಟ್ಟಿಯ ಕೆಲವು ಊರುಗಳಲ್ಲಿ ಇದೆ. ಪೂರ್ವದ ಜಿಲ್ಲೆಗಳ ಆಳದ ಬೋರುಗಳಲ್ಲಿ ಯುರೇನಿಯಂ ಕೂಡ ಮಿತಿ ಮೀರಿ ಸಿಕ್ಕಿದೆ. ಅದು ಮೊದಲು ಹಾಳು ಮಾಡುವುದು ಮೂತ್ರಪಿಂಡವನ್ನು.

ಈ ಎರಡು ಥರದ ಕಾಟಕ್ಕೆ ಮದ್ದು ಬೇರೆ ಬೇರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಗಟ್ಟಿಯಾಗುತ್ತವೆ. "ನಾವು ಕಾಯಿಸಿ ಆರಿಸಿಯೇ ಕುಡಿಯೋದು" ಅನ್ನುವವರಿಗೆ ಈ ಅರ್ಧ ಮಾತ್ರ ಯಾರೂ ಹೇಳಿರುವುದಿಲ್ಲ.

ಹೆಜ್ಜೆ 3: ಟೆಸ್ಟ್ ಮಾಡಿಸಿ, ಟಿಡಿಎಸ್ ಪೆನ್ನಿನಿಂದ ಅಲ್ಲ

ನಮ್ಮ ಪಕ್ಕದ ಮನೆ ಅಡುಗೆಮನೆಯಲ್ಲಿ ಒಮ್ಮೆ ಫಿಲ್ಟರ್ ಮಾರುವ ಹುಡುಗ ಬಂದು ಕೂತಿದ್ದ. ಎರಡು ಗಾಜಿನ ಲೋಟ. ಒಂದರಲ್ಲಿ ಅವರ ಬೋರ್ ನೀರು, ಇನ್ನೊಂದರಲ್ಲಿ ತಾನೇ ತಂದ ಫಿಲ್ಟರ್ ನೀರು. ಎರಡಕ್ಕೂ ಕಡ್ಡಿಗಳಿರುವ ಒಂದು ಡಬ್ಬಿ ಇಳಿಸಿ ಪ್ಲಗ್ ಹಾಕಿದ. ಒಂದು ನಿಮಿಷ ಆಗಿಲ್ಲ, ಬೋರ್ ನೀರು ಹಳದಿಯಾಗಿ, ಕಂದಾಗಿ, ಮೇಲೆ ಕೆನೆ ಥರ ಕಸ ಕಟ್ಟಿತು. ಅವನ ಲೋಟ ತಿಳಿಯಾಗಿಯೇ ಇತ್ತು. "ಅಯ್ಯೋ ಶಿವನೇ, ಇಷ್ಟು ವರ್ಷ ಇದನ್ನಾ ನಾವು ಕುಡೀತಿದ್ದಿದ್ದು?" ಅಂತ ಆ ಮನೆ ಅಜ್ಜಿ ತಲೆ ಮೇಲೆ ಕೈ ಹೊತ್ತರು.

ಆ ಕಂದು ಬಣ್ಣ ನೀರಿನಲ್ಲಿ ಇದ್ದದ್ದಲ್ಲ. ಕಡ್ಡಿಯಲ್ಲಿರುವ ಕಬ್ಬಿಣ ಕರಗಿ ಬಂದ ತುಕ್ಕು. ಖನಿಜ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕಬ್ಬಿಣ ಬೇಗ ಕರಗುತ್ತದೆ. ಫಿಲ್ಟರ್ ನೀರಿನಲ್ಲಿ ಖನಿಜ ಕಡಿಮೆ, ಕರೆಂಟೂ ಕಡಿಮೆ. ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಪ್ಲಗ್ ಹಾಕಲು ಹೇಳಿ, ಅದೂ ಕಂದಾಗುತ್ತದೆ. ನಿಮ್ಮ ಮನೆಗೆ ಯಾರಾದರೂ ಬಂದರೆ ಮಾಡಿ ನೋಡಿ, ಮಜಾ ಇರುತ್ತದೆ.

ಟಿಡಿಎಸ್ ಪೆನ್ನಿನ ಹಣೆಬರಹವೂ ಅಷ್ಟೇ. ಅದು ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅದರಿಂದ ನೀರಿನಲ್ಲಿ ಕರಗಿರುವ ಒಟ್ಟು ಲವಣ (ಟಿಡಿಎಸ್ ಅಂದರೆ ಇದೇ) ಎಷ್ಟು ಅಂತ ಅಂದಾಜು ಮಾಡುತ್ತದೆ. 300 ತೋರಿಸುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಚರಂಡಿ ಕ್ರಿಮಿ ತುಂಬಿರಬಹುದು. ಪೆನ್ನು ಏನೂ ಹೇಳುವುದಿಲ್ಲ. 900 ತೋರಿಸುವ ನೀರು ಬರೀ ಗಡಸು ಇದ್ದು ಬೇರೆ ಯಾವ ತಂಟೆಯೂ ಇಲ್ಲದಿರಬಹುದು.

ಹಾಗಾದರೆ ಎಲ್ಲಿ ಟೆಸ್ಟ್ ಮಾಡಿಸುವುದು? ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಪ್ರತಿ ಜಿಲ್ಲೆಯಲ್ಲೂ ಇದೆ. ಜಲ ಜೀವನ್ ಮಿಷನ್ ಬಂದ ಮೇಲೆ ಇಂಥ ಲ್ಯಾಬುಗಳಲ್ಲಿ ಸಾರ್ವಜನಿಕರೂ ಸಣ್ಣ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಖಾಸಗಿ ಲ್ಯಾಬಿಗೆ ಹೋಗುವುದಾದರೆ ಎನ್‌ಎಬಿಎಲ್ ಮಾನ್ಯತೆ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯದ್ದು) ಇದೆಯಾ ಅಂತ ಕೇಳಿ. ಫಿಲ್ಟರ್ ಕಂಪನಿಯವರು ಮಾಡಿಕೊಡುವ ಫ್ರೀ ಟೆಸ್ಟ್ ಬೇಡ. ಹಳ್ಳಿಯಲ್ಲಿದ್ದರೆ ಪಂಚಾಯ್ತಿಯಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಇರಬೇಕು, ಅದನ್ನು ಬಳಸುವುದಕ್ಕೆ ಊರಿನ ಐದು ಜನ ಹೆಂಗಸರಿಗೆ ತರಬೇತಿ ಕೊಡಬೇಕು ಅಂತಲೂ ಯೋಜನೆಯಲ್ಲಿದೆ. ಕಿಟ್ ಎಷ್ಟೋ ಕಡೆ ಬೀರುವಿನಲ್ಲಿ ಸೀಲ್ ಒಡೆಯದೆ ಕೂತಿರುತ್ತದೆ. ಕೇಳಿ ತೆಗೆಸಿ. ಅದರಲ್ಲಿ ಕ್ರಿಮಿ ಇದೆಯಾ ನೋಡುವ ಪುಟ್ಟ ಬಾಟಲಿ ಇರುತ್ತದೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲದ ಕ್ರಿಮಿ ಇರುವ ನೀರು ಕಪ್ಪಾಗುತ್ತದೆ. ಓದು ಬರದವರಿಗೂ ಅರ್ಥ ಆಗುತ್ತದೆ.

ನೀರು ಹಿಡಿಯುವುದರಲ್ಲೇ ಅರ್ಧ ಟೆಸ್ಟ್ ಕೆಡುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫ್ಲೋರೈಡ್, ನೈಟ್ರೇಟ್ ಥರದ್ದಕ್ಕೆ ಒಂದು ಲೀಟರಿನ ಶುದ್ಧ ಪ್ಲಾಸ್ಟಿಕ್ ಬಾಟಲಿ ಸಾಕು. ಕೂಲ್‌ಡ್ರಿಂಕ್ಸ್ ಬಾಟಲಿ ಬೇಡ, ಸೋಪು ಹಾಕಿ ತೊಳೆಯುವುದೂ ಬೇಡ. ಮೋಟರ್ ಹಾಕಿ ಐದು ನಿಮಿಷ ನೀರು ಹರಿಯಲು ಬಿಡಿ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ ಚೆಲ್ಲಿ, ಕಂಠದವರೆಗೆ ತುಂಬಿ, ಮುಚ್ಚಿ, ಮೇಲೆ ದಿನಾಂಕ ಮತ್ತು ಯಾವ ಬೋರು ಅಂತ ಬರೆಯಿರಿ.

ಕ್ರಿಮಿ ಪರೀಕ್ಷೆಗೆ ಬಾಟಲಿಯನ್ನು ಲ್ಯಾಬಿನಿಂದಲೇ ತರಬೇಕು. ಅದನ್ನು ತೊಳೆಯಲೇಬಾರದು. ಒಳಗೆ ಕ್ಲೋರಿನ್ ಮುರಿಯುವ ಒಂದು ರಾಸಾಯನಿಕ ಹಾಕಿರುತ್ತಾರೆ. ನಲ್ಲಿಗೆ ಕಟ್ಟಿದ ಬಟ್ಟೆ, ಪೈಪು, ಜಾಲರಿ ತೆಗೆದು, ನಲ್ಲಿಯ ಬಾಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಿರಿ. ಮುಚ್ಚಳದ ಒಳಗಡೆ ಬೆರಳು ತಾಗಿಸಬೇಡಿ. ಪೂರ್ತಿ ತುಂಬದೆ ಮೇಲೆ ಸ್ವಲ್ಪ ಜಾಗ ಬಿಡಿ. ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ, ಆದಷ್ಟು ಆರು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಶನಿವಾರ ಸಂಜೆ ಹಿಡಿದು ಸೋಮವಾರ ಕೊಟ್ಟರೆ ಆ ರಿಪೋರ್ಟಿಗೆ ಬೆಲೆ ಇಲ್ಲ.

ಮನೆಯಲ್ಲಿ ಸಂಪು ಇದ್ದರೆ ಕ್ರಿಮಿಗೆ ಎರಡು ಕಡೆ ಹಿಡಿಯಿರಿ: ಬೀದಿ ನೀರು ಮನೆಗೆ ಬರುವ ಜಾಗದಲ್ಲಿ ಒಂದು, ಅಡುಗೆಮನೆ ನಲ್ಲಿಯಲ್ಲಿ ಒಂದು. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕೆಟ್ಟಿದ್ದರೆ ಪಂಚಾಯ್ತಿಯನ್ನು ಬೈಯುವ ಮುಂಚೆ ನಿಮ್ಮ ಸಂಪಿನ ಮುಚ್ಚಳ ಎತ್ತಿ ನೋಡಿ.

ಹೆಜ್ಜೆ 4: ರಿಪೋರ್ಟ್ ಓದುವುದು

ರಿಪೋರ್ಟಿನಲ್ಲಿ ಎರಡು ಮಿತಿ ಕೊಟ್ಟಿರುತ್ತಾರೆ. ಐಎಸ್ 10500 ಅನ್ನುವ ಭಾರತೀಯ ಮಾನಕದ ಪ್ರಕಾರ ಒಂದು, ಇರಬೇಕಾದ ಮಿತಿ; ಇನ್ನೊಂದು, ಬೇರೆ ನೀರೇ ಸಿಗದಿದ್ದರೆ ಒಪ್ಪಿಕೊಳ್ಳಬಹುದಾದ ಮಿತಿ. ಎಲ್ಲವೂ ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ.

ಫ್ಲೋರೈಡ್: 1, ಹೆಚ್ಚೆಂದರೆ 1.5.
ನೈಟ್ರೇಟ್: 45. ಇದಕ್ಕೆ ರಿಯಾಯಿತಿ ಇಲ್ಲ.
ಆರ್ಸೆನಿಕ್: 0.01.
ಯುರೇನಿಯಂ: 0.03. ಎಲ್ಲ ಲ್ಯಾಬಿನಲ್ಲೂ ಮಾಡುವುದಿಲ್ಲ, ಆಳದ ಬೋರ್ ಇದ್ದರೆ ಕೇಳಿ ನೋಡಿ.
ಟಿಡಿಎಸ್: 500, ಹೆಚ್ಚೆಂದರೆ 2,000.
ಗಡಸುತನ: 200, ಹೆಚ್ಚೆಂದರೆ 600.
ಇ. ಕೊಲೈ (ಮಲದಿಂದ ಬರುವ ಕ್ರಿಮಿ): 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.
ಉಳಿಕೆ ಕ್ಲೋರಿನ್: ಕ್ಲೋರಿನ್ ಹಾಕಿದ ನೀರಾದರೆ ಕನಿಷ್ಠ 0.2 ಇರಬೇಕು. ಇದೊಂದು ಮಾತ್ರ ಇಲ್ಲದಿದ್ದರೆ ತೊಂದರೆ.

ಗಡಸುತನ ನೋಡಿ ಜನ ಜಾಸ್ತಿ ಗಾಬರಿಯಾಗುತ್ತಾರೆ. ಗೀಸರ್ ಕಾಯಿಲ್ ಹಾಳಾಗುತ್ತದೆ, ಪಾತ್ರೆಗೆ ಬಿಳಿ ಕಟ್ಟುತ್ತದೆ, ಬಟ್ಟೆ ಒರಟಾಗುತ್ತದೆ, ನಿಜ. ಆದರೆ ಕ್ರಿಮಿ, ಫ್ಲೋರೈಡ್, ನೈಟ್ರೇಟಿನ ಮುಂದೆ ಇದು ಆರೋಗ್ಯದ ತೊಂದರೆಯೇ ಅಲ್ಲ. ಇರುವ ದುಡ್ಡನ್ನು ಮೊದಲು ಆ ಮೂರಕ್ಕೆ ಖರ್ಚು ಮಾಡಿ.

ಹೆಜ್ಜೆ 5: ರಿಪೋರ್ಟಿಗೆ ತಕ್ಕ ಮದ್ದು

ಬರೀ ಕ್ರಿಮಿ ಇದ್ದರೆ ನಿಮ್ಮ ಕೆಲಸ ಸುಲಭ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಸುಡಬೇಡಿ. ಕಾಯಿಸಿದ ಪಾತ್ರೆಯಲ್ಲೇ ಆರಿಸಿ, ಅದರಲ್ಲೇ ಮುಚ್ಚಿಡಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಕಾಯಿಸಿದ ನೀರಿಗೆ ಲೋಟದ ಜೊತೆ ಬೆರಳೂ ಅದ್ದುವ ಮನೆಗಳಲ್ಲಿ ಕಾಯಿಸಿಯೂ ಹೊಟ್ಟೆ ಕೆಡುತ್ತದೆ. ಅತಿನೇರಳೆ ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಫಿಲ್ಟರ್ ಕೂಡ ಕ್ರಿಮಿಗೆ ಸಾಕು, ನೀರು ತಿಳಿಯಾಗಿದ್ದರೆ. ಕದಡಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಬ್ಯಾಕ್ಟೀರಿಯಾ ಕಡಿಮೆಯಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಫ್ಲೋರೈಡಿಗೆ ತಾಮ್ರ ಏನೂ ಮಾಡುವುದಿಲ್ಲ. ಪಟಿಕ ಹಾಕಿದರೆ ನೀರು ತಿಳಿಯಾಗುತ್ತದೆ ಅಷ್ಟೇ, ಕ್ರಿಮಿ ಸತ್ತವು ಅಂತ ತಿಳಿಯಬೇಡಿ.

ತೆರೆದ ಬಾವಿ, ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಒಂದು ಹಿಡಿ, ಎರಡು ಹಿಡಿ ಅಂತ ಎಸೆಯುತ್ತಾರೆ. ಲೆಕ್ಕ ಇದೆ. ಒಳ್ಳೆಯ ಪೌಡರ್ ಆದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ. ದುಂಡು ಬಾವಿಯ ನೀರು ಎಷ್ಟು ಅಂತ ತಿಳಿಯಲು ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, 1,000ದಿಂದ ಗುಣಿಸಿ. 2 ಮೀಟರ್ ಅಗಲ, 5 ಮೀಟರ್ ನೀರು ಇದ್ದರೆ 15,700 ಲೀಟರ್. ಅಂದರೆ ಸುಮಾರು 40 ಗ್ರಾಂ ಪೌಡರ್. ಬಕೆಟ್ಟಿನಲ್ಲಿ ಮೊದಲು ಪೇಸ್ಟ್ ಮಾಡಿ, ನೀರು ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಕೆಳಗೆ ಸುಣ್ಣ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಾವಿಗೆ, ಸುಣ್ಣ ಹೊರಗೆ. ಚೆನ್ನಾಗಿ ಕಲಕಿ ಒಂದು ಗಂಟೆ ಬಿಟ್ಟು ನೀರು ಸೇದಿ. ರಾತ್ರಿ ಹಾಕಿದರೆ ಇನ್ನೂ ಒಳ್ಳೆಯದು. ಪೌಡರ್ ಚೀಲ ತೆರೆದಿಟ್ಟಿದ್ದು, ತಿಂಗಳುಗಟ್ಟಲೆ ಹಳೆಯದು, ಮೂಗಿಗೆ ವಾಸನೆಯೇ ಬಡಿಯುವುದಿಲ್ಲ ಅಂದರೆ ಅದು ಬರೀ ಸುಣ್ಣದ ಪುಡಿ.

ಫ್ಲೋರೈಡ್ 1.5 ದಾಟಿದ್ದರೆ ಮೊದಲು ಬೇರೆ ನೀರು ಹುಡುಕಿ. ಫಿಲ್ಟರ್ ಎರಡನೆಯ ಮಾತು. ಒಂದೇ ಊರಿನಲ್ಲಿ ಒಂದು ಬೋರಿನಲ್ಲಿ 3 ಇದ್ದು, ಸ್ವಲ್ಪ ದೂರದ ಇನ್ನೊಂದರಲ್ಲಿ 0.8 ಇರುವುದುಂಟು. ಕುಡಿಯಲು ಅದನ್ನೇ ಇಟ್ಟುಕೊಂಡು ಮಿಕ್ಕದ್ದಕ್ಕೆ ಇದು ಅಂತ ಊರಿನವರೇ ಮಾತಾಡಿಕೊಂಡರೆ ಖರ್ಚೇ ಇಲ್ಲ. ಇನ್ನೊಂದು ಮಳೆ ನೀರು, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನೂರು ಚದರ ಮೀಟರ್ ತಾರಸಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂದುಕೊಂಡರೂ, ಪೋಲಾಗುವುದನ್ನು ಕಳೆದು 48,000 ಲೀಟರ್ ಸಿಗುತ್ತದೆ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 35 ಲೀಟರ್ ಅಂದರೆ ವರ್ಷಕ್ಕೆ 13,000 ಕೂಡ ಆಗುವುದಿಲ್ಲ. ಮೊದಲ ಮಳೆ ಹೊರಗೆ ಬಿಟ್ಟು, ಮರಳು ಇದ್ದಿಲಿನ ಫಿಲ್ಟರ್ ದಾಟಿಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಮುಚ್ಚಿಟ್ಟು, ಕುಡಿಯುವಾಗ ಕಾಯಿಸಿ. ತೊಟ್ಟಿ ಕಟ್ಟುವ ಖರ್ಚು ಇದೆ, ಅದೊಂದೇ ಕಷ್ಟ.

ಇವೆರಡೂ ಆಗದಿದ್ದರೆ, ಮೆಂಬ್ರೇನ್ ಅನ್ನುವ ಸೂಕ್ಷ್ಮ ಪೊರೆಯಲ್ಲಿ ನೀರನ್ನು ಒತ್ತಿ ಸೋಸುವ ಆರ್‌ಒ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಯುರೇನಿಯಂ ನಾಲ್ಕನ್ನೂ ಅದು ಚೆನ್ನಾಗಿ ಇಳಿಸುತ್ತದೆ. ಆದರೆ ಇಲ್ಲೊಂದು ಗುಟ್ಟಿದೆ. ಎಷ್ಟೋ ಮಷೀನುಗಳ ಒಳಗೆ ಟಿಡಿಎಸ್ ಕಂಟ್ರೋಲರ್ ಅಂತ ಸಣ್ಣ ತಿರುಪು ಇರುತ್ತದೆ. "ರುಚಿ ಬರ್ಲಿ ಮೇಡಂ" ಅಂತ ಫಿಟ್ ಮಾಡುವ ಹುಡುಗ ಅದನ್ನು ತಿರುಗಿಸಿ ಹೋಗುತ್ತಾನೆ. ಅದು ಮಾಡುವುದೇನು ಅಂದರೆ, ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ವಾಪಸ್ ಬೆರೆಸುವುದು. ಆ ನೀರಿನ ಜೊತೆ ಫ್ಲೋರೈಡೂ ವಾಪಸ್ ಬರುತ್ತದೆ! ಫ್ಲೋರೈಡ್ ಇರುವ ಊರಿನಲ್ಲಿ ಅದನ್ನು ಪೂರ್ತಿ ಮುಚ್ಚಿಸಿ. ಕೂರಿಸಿದ ಮೇಲೆ ಫಿಲ್ಟರ್ ನೀರನ್ನೂ ಒಂದು ಸಲ ಲ್ಯಾಬಿಗೆ ಕೊಡಿ. ಟಿಡಿಎಸ್ ಪೆನ್ನು ಇಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ: ಹೊಸದರಲ್ಲಿ ಫಿಲ್ಟರ್ ನೀರಿನ ಅಂಕಿ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿ. ಏರುತ್ತಾ ಹೋದರೆ ಮೆಂಬ್ರೇನ್ ಹೋಗಿದೆ ಅಂತ ಅರ್ಥ. ಹೊರಗೆ ಬಿಡುವ ವೇಸ್ಟ್ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗಿರುತ್ತದೆ. ನೆಲ ಒರೆಸಿ, ಟಾಯ್ಲೆಟ್ಟಿಗೆ ಹಾಕಿ; ದನಕ್ಕೆ ಕುಡಿಸಬೇಡಿ, ದನಗಳಿಗೂ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ಕಾಯಿಲೆ) ಬರುತ್ತದೆ.

ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಇದೇ ಆರ್‌ಒ ನೀರು ಕಾಯಿನ್ ಹಾಕಿದರೆ ಸಿಗುತ್ತದೆ. ಘಟಕದ ಮೆಂಬ್ರೇನ್ ಕೊನೆಯ ಸಲ ಬದಲಾಗಿದ್ದು ಯಾವಾಗ ಅಂತ ಕೇಳಿ. ಕ್ಯಾನನ್ನು ವಾರಕ್ಕೊಮ್ಮೆಯಾದರೂ ಒಳಗಡೆ ತೊಳೆಯಿರಿ, ಪಾಚಿ ಕಟ್ಟಿದ ಕ್ಯಾನಿಗೆ ಅಮೃತ ತುಂಬಿದರೂ ಅಷ್ಟೇ.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಅಡುಗೆಯ ಬಗ್ಗೆ. ಬಹುತೇಕ ಮನೆಗಳಲ್ಲಿ ಕುಡಿಯಲು ಮಾತ್ರ ಫಿಲ್ಟರ್ ನೀರು. ಮುದ್ದೆಗೆ ಎಸರಿಡುವುದು ಬೋರ್ ನೀರು, ಅನ್ನಕ್ಕೆ, ಸಾರಿಗೆ, ಟೀಗೆ ಬೋರ್ ನೀರು. ಆ ಎಸರು ಎಲ್ಲಿಗೆ ಹೋಗುತ್ತದೆ? ಒಂದಷ್ಟು ಆವಿ ಹೋಗಿ ಮಿಕ್ಕದ್ದೆಲ್ಲ ಮುದ್ದೆಯೊಳಗೇ ಇರುತ್ತದೆ, ಫ್ಲೋರೈಡ್ ಮಾತ್ರ ಪೂರ್ತಿಯಾಗಿ. ಬೇಳೆ ಬೇಯಿಸಿದ ನೀರೇ ಸಾರು. ಹೀಗೆ ದಿನಕ್ಕೆ ಒಂದೂವರೆ ಲೀಟರ್ ಬೋರ್ ನೀರು ಊಟದ ರೂಪದಲ್ಲಿ ಹೊಟ್ಟೆ ಸೇರಿದರೆ ಕುಡಿಯಲು ಫಿಲ್ಟರ್ ಇಟ್ಟ ಅರ್ಧ ಲಾಭ ಹೋಯಿತು. ಅಕ್ಕಿ ತೊಳೆಯಲು, ತರಕಾರಿ ತೊಳೆಯಲು ಬೋರ್ ನೀರು ಇರಲಿ. ಒಲೆಯ ಮೇಲೆ ಇಡುವ ನೀರು ಮಾತ್ರ ಫಿಲ್ಟರಿನದ್ದೇ ಆಗಲಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಇದರಲ್ಲಿ ರಾಜಿ ಬೇಡ. ಸ್ಕೂಲಿನಲ್ಲಿ, ಅಂಗನವಾಡಿಯಲ್ಲಿ ಬಿಸಿಯೂಟ ಯಾವ ನೀರಿನಲ್ಲಿ ಆಗುತ್ತದೆ ಅಂತಲೂ ಒಂದು ಸಲ ಹೋಗಿ ನೋಡಿ.

ಹೆಜ್ಜೆ 6: ಸಂಪು, ಸಿಂಟೆಕ್ಸ್

ಆರು ತಿಂಗಳಿಗೊಮ್ಮೆ ತೊಳೆಸಿ. ಸಂಪಿನ ಬಾಯಿ ನೆಲಕ್ಕಿಂತ ಅರ್ಧ ಅಡಿಯಾದರೂ ಮೇಲಿರಲಿ. ಕಾರು ನಿಲ್ಲಿಸುವ ಜಾಗದಲ್ಲಿ ನೆಲಮಟ್ಟಕ್ಕೇ ಮುಚ್ಚಳ ಇಟ್ಟು, ಕಾರು ತೊಳೆದ ನೀರು ಅದರ ಸುತ್ತಲೇ ಹರಿಯುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ? ಒಳಗೆ ಇಳಿಯುವ ಮುಂಚೆ ಮುಚ್ಚಳ ತೆಗೆದು ಚೆನ್ನಾಗಿ ಗಾಳಿಯಾಡಲು ಬಿಡಿ. ಒಬ್ಬರೇ ಇಳಿಯುವುದು ಬೇಡ, ಮೇಲೆ ಒಬ್ಬರು ನಿಂತಿರಲೇಬೇಕು. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಉಸಿರುಗಟ್ಟಿ ಜೀವ ಹೋದದ್ದಿದೆ, ಎತ್ತಲು ಹೋದವರದ್ದೂ ಹೋದದ್ದಿದೆ.

ಹೆಜ್ಜೆ 7: ಮನೆಯಲ್ಲಿ ವಾಂತಿಭೇದಿ ಶುರುವಾದರೆ

ಮೊದಲು ಓಆರ್‌ಎಸ್. ಪ್ಯಾಕೆಟ್ ಒಂದು ಲೀಟರಿನದ್ದಾದರೆ ಇಡೀ ಪ್ಯಾಕೆಟ್ಟನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೇ ಹಾಕಬೇಕು. ಲೋಟಕ್ಕೆ ಒಂದು ಚಮಚ ಅಂತ ಹಾಕಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳುವಾಗ ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರೆದಿರುವುದನ್ನೇ ಕೇಳಿ, ಹಣ್ಣಿನ ಚಿತ್ರದ ಸಿಹಿ ಪೊಟ್ಟಣ ಬೇಡ. ಪ್ಯಾಕೆಟ್ ಇಲ್ಲವಾ? ಒಂದು ಲೀಟರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದು ದಿನಕ್ಕಿಂತ ಜಾಸ್ತಿ ಇಡಬೇಡಿ. ಮಕ್ಕಳಿಗೆ ಇದರ ಜೊತೆ ಝಿಂಕ್ ಮಾತ್ರೆ ಕೊಡುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಎದೆ ಹಾಲು ನಿಲ್ಲಿಸಬೇಡಿ. ಮಗು ಮಂಕಾಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಆರು ಗಂಟೆ ಉಚ್ಚೆ ಹೊಯ್ದಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಇದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಿ.

ಬೀದಿಯಲ್ಲಿ ಮೂರು ನಾಲ್ಕು ಮನೆಗೆ ಒಟ್ಟಿಗೆ ಬಂದಿದ್ದರೆ ಆಗಲೇ, ಅದೇ ಗಂಟೆಯಲ್ಲಿ, ನಲ್ಲಿ ನೀರು ಹಿಡಿದು ಲ್ಯಾಬಿಗೆ ಕಳಿಸಿ. ದೂರು ಹೋದ ತಕ್ಷಣ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಸುರಿಯುತ್ತಾರೆ. ಸುರಿಯಬೇಕಾದ್ದೇ, ತಪ್ಪಲ್ಲ. ಆದರೆ ಆಮೇಲೆ ಹಿಡಿದ ನೀರಿನ ರಿಪೋರ್ಟ್ "ನೀರು ಕುಡಿಯಲು ಯೋಗ್ಯ" ಅಂತಲೇ ಬರುತ್ತದೆ, ಪೈಪು ಎಲ್ಲಿ ಒಡೆದಿದೆ ಅಂತ ಹುಡುಕುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹೆಜ್ಜೆ 8: ರಿಪೋರ್ಟ್ ಹಿಡಿದು ಪಂಚಾಯ್ತಿಗೆ

ನಿಮ್ಮ ಮನೆಗೆ ಫಿಲ್ಟರ್ ಬಂತು ಅಂತ ಇಲ್ಲಿಗೇ ಬಿಡಬೇಡಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ, ಲ್ಯಾಬ್ ರಿಪೋರ್ಟಿನ ಜೆರಾಕ್ಸ್ ಇಟ್ಟು ಪಿಡಿಒಗೆ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ಬರೆಸಿ. ಫ್ಲೋರೈಡ್ ಆದರೆ ಅರ್ಜಿಯ ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೂ ಹೋಗಲಿ. ಫ್ಲೋರೋಸಿಸ್ ತಡೆಗೇ ಅಂತ 2008-09ರಿಂದ ಕೇಂದ್ರದ ಕಾರ್ಯಕ್ರಮ ಇದೆ, ಮಕ್ಕಳ ಹಲ್ಲು ನೋಡುವುದು, ನೀರು ಮತ್ತು ಮೂತ್ರ ಪರೀಕ್ಷೆ ಮಾಡಿಸುವುದು ಅದರ ಕೆಲಸ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಊರಿನ ಪುರಾಣ ಬರೆಯಬೇಡಿ. "ನಮ್ಮ ಗ್ರಾಮಕ್ಕೆ ಕುಡಿಯುವ ನೀರು ಕೊಡುವ ಎಲ್ಲ ಕೊಳವೆಬಾವಿಗಳ ಕಳೆದ ಮೂರು ವರ್ಷದ ನೀರಿನ ಪರೀಕ್ಷಾ ವರದಿಗಳ ಪ್ರತಿ ಕೊಡಿ" ಅಂತ ಒಂದೇ ಸಾಲು ಸಾಕು. ಮೂವತ್ತು ದಿನದೊಳಗೆ ಕೊಡಬೇಕು. ವರದಿ ಕೊಟ್ಟರೆ ನಿಮ್ಮ ರಿಪೋರ್ಟಿನ ಪಕ್ಕ ಇಟ್ಟು ನೋಡಿ. ಪರೀಕ್ಷೆಯೇ ಮಾಡಿಸಿಲ್ಲ ಅಂತ ಬರೆದು ಕೊಟ್ಟರೆ ಮುಂದಿನ ಗ್ರಾಮಸಭೆಯಲ್ಲಿ ಆ ಕಾಗದವನ್ನೇ ಗಟ್ಟಿಯಾಗಿ ಓದಿ.